ಕೊನೆಮನೆಯ ಕೂ

ಇವತ್ತು ಮಾಡಿದ ಕೆಲಸ ಇಷ್ಟು. ಐದೂವರೆಗೆ ಎದ್ದು ನಲ್ಲಿ ತಿರುಗಿಸಿದೆ, ಗಾಳಿ ಬಂತು. ಚಾ ಮಾಡಿದೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿದೆ, ತರಕಾರಿ ತೊಳೆದದ್ದನ್ನು ಪಾತ್ರೆ ನೆನೆಸಲು ಎತ್ತಿಟ್ಟೆ. ದೋಸೆ ಹುಯ್ದೆ, ಯಜಮಾನರು ತಿಂದು ಹಿಟ್ಟಿನ ಗಿರಣಿಯ ಬಾಗಿಲು ತೆಗೆಯಲು ಹೋದರು. ಮಧ್ಯಾಹ್ನ ಊರಿಂದ ತಮ್ಮ ಪ್ರಕಾಶ ಬರುವವನಿದ್ದ, ಅದಕ್ಕೆ ನಿನ್ನೆ ನೆನೆಹಾಕಿದ್ದ ಹುರುಳಿಯನ್ನು ಬೇಯಲು ಇಟ್ಟೆ. ಹಾಸಿಗೆಯ ಹೊದಿಕೆ ಒಗೆಯುವುದನ್ನು ಇನ್ನೊಂದು ವಾರಕ್ಕೆ ಮುಂದೆ ಹಾಕಿದೆ. ಹತ್ತು ಗಂಟೆಗೆ ಟ್ಯಾಂಕರ್ ಬಂತು. ಸಾಗರದ ನಮ್ಮ ಬೀದಿಯ ಹೆಂಗಸರೆಲ್ಲ ಡ್ರಮ್ಮು, ಬಕೆಟ್ಟು ಹಿಡಿದು ನಿಂತೆವು. ಟ್ಯಾಂಕರಿನ ಹಿಂದೆ ವಾಲ್ವಿನ ಬುಡ ಸೋರುತ್ತಿತ್ತು. ಡ್ರೈವರು ರಸ್ತೆ ಬದಿಯ ಮಣ್ಣನ್ನು ಅದೇ ನೀರಲ್ಲಿ ಕಲಸಿದ, ಬೇಲಿಯಿಂದ ಒಂದು ಹಿಡಿ ಸೊಪ್ಪು ಕಿತ್ತು ಅದಕ್ಕೆ ಹಿಸುಕಿ ಸೇರಿಸಿದ, ಉಂಡೆ ಮಾಡಿ ಸಂದಿಗೆ ಒತ್ತಿದ. ನನ್ನ ಡ್ರಮ್ಮು ತುಂಬುವವರೆಗೆ ಆ ವಾಸನೆ ಮೂಗಿನ ಮುಂದೆ ನಿಂತಿತ್ತು. ಹಸಿ ಜೇಡಿ, ಹಿಸುಕಿದ ಸೊಪ್ಪು, ತಣ್ಣೀರು. ಮೂವತ್ತು ವರ್ಷಕ್ಕೂ ಮೇಲಾಯಿತು ನಾನು ಆ ಮೂರನ್ನೂ ಒಟ್ಟಿಗೆ ಮೂಸಿ.

ನಿಟ್ಟೂರಿನಿಂದ ಒಳಗೆ ಬಸ್ಸಿಲ್ಲದೆ ನಡೆದೇ ಹೋಗಬೇಕಾಗಿದ್ದ ನಮ್ಮೂರಲ್ಲಿ ಮಳೆ ನಿಂತು ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ವಾರ ಊರಿಗೆ ಊರೇ ಈ ವಾಸನೆ ಹೊಡೆಯುತ್ತಿತ್ತು. ಹಳ್ಳಕ್ಕೆ ಒಡ್ಡು ಹಾಕುವ ವಾರ ಅದು. ಹಳ್ಳದಲ್ಲಿ ಇನ್ನೂ ಮೊಣಕಾಲುದ್ದ ನೀರು ಹರಿಯುತ್ತಿರುವಾಗಲೇ ಗೂಟ ಹೊಡೆದು, ಗೂಟಕ್ಕೆ ಬಿದಿರು ಹೆಣೆದು, ಸೊಪ್ಪು ತುಂಬಿ, ಜೇಡಿ ಮೆತ್ತಿ, ಕಾಲಲ್ಲಿ ತುಳಿದು ಗೋಡೆ ಎಬ್ಬಿಸಬೇಕು. ನಿಂತ ನೀರು ಏರಿ ಪಕ್ಕದ ಕಾಲುವೆಗೆ ಹತ್ತಿ, ಗುಡ್ಡದ ಸೊಂಟ ಬಳಸಿಕೊಂಡು ಒಂಬತ್ತು ಮನೆಗಳ ಗದ್ದೆ ಹಾಯ್ದು ಕೆಳಗೆ ಇಳಿಯುತ್ತಿತ್ತು. ಅದು ಹರಿದ ದಾರಿಯುದ್ದಕ್ಕೂ ಬಾವಿಗಳಲ್ಲಿ ಬೇಸಿಗೆಯ ಕೊನೆಯವರೆಗೆ ನೀರು ನಿಲ್ಲುತ್ತಿತ್ತು. ಮೊದಲ ದೊಡ್ಡ ಮಳೆಗೆ ಒಡ್ಡು ಕೊಚ್ಚಿಹೋಗುತ್ತಿತ್ತು, ಮುಂದಿನ ವರ್ಷ ಮತ್ತೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಸೇತುವೆ ಮುಳುಗುವ ಊರಿಗೆ ಬೇಸಿಗೆಯಲ್ಲಿ ನೀರಿಲ್ಲವೆಂದರೆ ಈಗ ಹೊರಗಿನವರು ಕಣ್ಣರಳಿಸುತ್ತಾರೆ. ಅರಳಿಸುವಂಥದ್ದೇನೂ ಇಲ್ಲ. ಬಿದ್ದ ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಶರಾವತಿಗೆ ಓಡಿಹೋಗುತ್ತದೆ. ಅದರಲ್ಲಿ ಒಂದಿಷ್ಟನ್ನು ನಿಲ್ಲಿಸಿಕೊಳ್ಳಲು ಸೊಂಟ ಬಗ್ಗಿಸಬೇಕಿತ್ತು, ಅಷ್ಟೇ. ನಮ್ಮವರಿಗೆ ಆ ಬಗ್ಗುವುದೇ ಬೇಡವಾಯಿತು.

ಒಡ್ಡಿಗೆ ಒಂದು ಕ್ರಮವಿತ್ತು. ಯಾವುದಕ್ಕೂ ಮನೆಯ ಯಜಮಾನನೇ ಮಾತಾಡುತ್ತಿದ್ದ ಕಾಲದಲ್ಲಿ, ಒಡ್ಡು ಸಾಕು ಎನ್ನುವ ಹಕ್ಕು ಮಾತ್ರ ಕಾಲುವೆಯ ಕೊನೆಯ ಮನೆಯ ಹೆಂಗಸರದು. ಮೇಲಿನ ಮನೆಯವರಿಗೆ ಒಂದು ಮೊಳ ಎತ್ತರದ ಒಡ್ಡೇ ಧಾರಾಳ, ನೀರು ಅವರ ಗದ್ದೆಗೆ ತಾನೇ ಬರುತ್ತದೆ. ಕೊನೆಮನೆಗೆ ಮುಟ್ಟಬೇಕಾದರೆ ಇನ್ನೂ ಎರಡು ಮೊಳ ಏರಬೇಕು, ಸೋರುವ ಕಡೆಯಲ್ಲೆಲ್ಲ ಮತ್ತೆ ಮೆತ್ತಬೇಕು. ಹಾಗಾಗಿ ಕೊನೆಯ ದಿನ ಗಂಡಸರೆಲ್ಲ ಒಡ್ಡಿನ ಮೇಲೆ ಕೈಕಾಲಿಗೆ ಕೆಸರು ಮೆತ್ತಿಕೊಂಡು ಕಾಯುತ್ತ ಕೂರುತ್ತಿದ್ದರು. ಕೆಳಗೆ ಕೊನೆಮನೆಯ ಅಂಗಳದ ಪಕ್ಕ, ಬಟ್ಟೆ ಒಗೆಯುವ ಕಲ್ಲಿಗೆ ನೀರು ಬಂದು ಮುಟ್ಟಿದ ಮೇಲೆ ಅಲ್ಲಿಂದ ಉದ್ದವಾಗಿ ಒಂದು ಕೂ ಕೇಳಬೇಕು. ಅದು ಕೇಳುವವರೆಗೆ ಯಾರೂ ಕೈ ತೊಳೆಯುವಂತಿಲ್ಲ, ಊಟಕ್ಕೆ ಏಳುವಂತಿಲ್ಲ. ಕೇಳಿದ ಮೇಲೆ ಒಡ್ಡಿಗೆ ಯಾರೂ ಕೈ ಹಾಕುವಂತಿಲ್ಲ, ತನ್ನ ಗದ್ದೆಗೆ ಬೇಕಾದ ಹಾಗೆ ಯಾರೂ ಏರಿಸಿ ಇಳಿಸಬಾರದೆಂದು. ಊಟ ಕೊನೆಮನೆಯದು. ಕಡುಬು, ಹುರುಳಿಕಟ್ಟಿನ ಸಾರು.

ಆ ಕೊನೆಮನೆ ನನ್ನ ಶೇಷತ್ತೆಯದು. ಅಪ್ಪಯ್ಯನ ಅಕ್ಕ. ಅದೇ ಊರಿನ ಕೆಳಮನೆಗೆ ಕೊಟ್ಟಿದ್ದರು. ಮಾವ ಬೇಗ ತೀರಿಹೋದರು, ಮಕ್ಕಳಿರಲಿಲ್ಲ. ಆಗ ಅಪ್ಪಯ್ಯ ಹೋಗಿ, ಮನೆಗೆ ಬಾ ಅಕ್ಕ, ಒಬ್ಬಳೇ ಎಂತ ಮಾಡ್ತಿ ಎಂದು ಕರೆದರಂತೆ. ಅತ್ತೆ ಕೊಟ್ಟ ಉತ್ತರವನ್ನು ಅಮ್ಮ ನಮಗೆ ಅತ್ತೆಯ ದನಿಯಲ್ಲೇ ಅಣಕಿಸಿ ಹೇಳುತ್ತಿದ್ದಳು. "ನನ್ನ ಬಾವೀಲಿ ಕೊಡ ಮುಳುಗೋವರೆಗೆ ನನ್ನ ಒಲೆ ನನ್ನದು, ತಿಮ್ಮಪ್ಪ. ಮುಳುಗದಿದ್ದ ದಿನ ನೋಡನ." ಅಮ್ಮನಿಗೂ ಅತ್ತೆಗೂ ಒಂದು ಒಲೆ ಸಾಲದೆಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಮನೆ ಎರಡು ಅಂಕಣದ್ದು. ಹಿಂದೆ ಕಲ್ಲು ಕಟ್ಟಿದ ಬಾವಿ, ಬಾವಿಕಟ್ಟೆಯ ಪಕ್ಕ ಹರಿವೆ, ಅಳಸಂದೆ, ನಾಲ್ಕು ಸಾಲು ಮೆಣಸು. ಒಂದು ಕಪಿಲೆ ದನ. ಕೊಯ್ಲಾದ ಗದ್ದೆಯಲ್ಲಿ ಕಾಲುವೆಯ ನೀರಿಗೆ ಉದ್ದು ಬಿತ್ತುತ್ತಿದ್ದರು. ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗದ, ಯಾರ ಮನೆಯಲ್ಲೂ ಎರಡನೇ ಸಲ ಬಡಿಸಿಕೊಳ್ಳದ ಹೆಂಗಸು. ಒಡ್ಡಿನ ದಿನ ಗಂಡಸರು ಹಸಿದು ಹಲ್ಲು ಕಡಿಯುವಾಗ ಅತ್ತೆ ಕಾಲುವೆಯಲ್ಲಿ ಕಾಲಿಟ್ಟುಕೊಂಡು ಕಲ್ಲಿನ ಮೇಲೆ ಆರಾಮಾಗಿ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಮೇಲಿನಿಂದ ಯಾರಾದರೂ, ತಿಮ್ಮಪ್ಪ, ನಿನ್ನಕ್ಕನ ಮನೆ ಎಂತ ಕೊಲ್ಲೂರಲ್ಲಿದ್ಯಾ, ನೀರು ಇನ್ನೂ ನಡೀತಾನೇ ಇದೆಯಲ್ಲ ಮಾರಾಯ, ಎನ್ನುವುದು. ಎಲ್ಲರೂ ನಗುವುದು. ನಕ್ಕು ಮತ್ತೆರಡು ಬುಟ್ಟಿ ಜೇಡಿ ಹಾಕುವುದು. ಒಂದು ಕಡ್ಡಿ ಗಾತ್ರದ ನೀರು ತರಗೆಲೆ ದೂಡಿಕೊಂಡು ಬಂದು ಕಲ್ಲಿಗೆ ತಾಗಿದ ಮೇಲೆಯೇ ಅತ್ತೆ ಬಾಯಿ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು. ಆ ಕೂವಿಗೆ ಎದುರಿನ ಗುಡ್ಡ ಮಾರುತ್ತರ ಕೊಡುತ್ತಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ ಒಡ್ಡಿನ ದಿನ ಗೊತ್ತು ಮಾಡಿದ ಮೇಲೆ, ಮೇಳಿಗೆಯಲ್ಲಿದ್ದ ಅತ್ತೆಯ ನಾದಿನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ನಾಲ್ಕು ದಿನ ತಡೆದು ಹಾಕಿ ಎಂದರು ಅತ್ತೆ. ಆಗದು ಎಂದರು ಅಪ್ಪಯ್ಯ. ಯಾಕೆ ಆಗದೆಂದು ಆಗ ಹೇಳಲಿಲ್ಲ. ಅತ್ತೆ ಕಡುಬಿಗೆ ಅಕ್ಕಿ ಬೀಸಿ ಅಮ್ಮನ ಕೈಗೆ ಕೊಟ್ಟರು, ನನ್ನನ್ನು ಬಾವಿಕಟ್ಟೆಗೆ ಕರೆದರು. "ಸುಮಿ, ಈ ಸಲ ಕೂ ನಿಂದು. ಕಲ್ಲು ಮುಟ್ಟಿದ ಮೇಲೆ. ಹಸಿವಾತು ಅಂತ ಮುಂಚೆ ಹಾಕ್ಬೇಡ, ನಂಗೆ ಹೊಟ್ಟೆಗಿಲ್ಲದ ಹಾಗೆ ಆಗ್ತದೆ." ಒಂದಚ್ಚು ಬೆಲ್ಲ ಕೈಗಿಟ್ಟು ಬಸ್ಸಿಗೆ ಹೊರಟರು. ಇಷ್ಟು ದೊಡ್ಡ ಕೆಲಸವನ್ನು ಅಲ್ಲಿಯವರೆಗೆ ಯಾರೂ ನನಗೆ ಕೊಟ್ಟಿರಲಿಲ್ಲ.

ಆ ದಿನ ಬೆಳಗಿನಿಂದ ಕಲ್ಲಿನ ಮೇಲೆ ಕೂತೆ. ಕಾಲುವೆಯ ತಳ ಒಣಗಿ ಬಿರಿದಿತ್ತು. ಬೆಲ್ಲ ಮುಗಿಯಿತು. ಹೊತ್ತು ನೆತ್ತಿಗೆ ಬಂದು ಇಳಿಯಿತು. ನೀರಿನ ಬದಲು ಕಾಲುವೆಯ ಏರಿಯ ಮೇಲೆ ಅಪ್ಪಯ್ಯ ಬಂದರು, ತೊಡೆಯವರೆಗೆ ಕೆಸರು.

"ಇನ್ನೂ ಬರ್ಲಿಲ್ಲ ಅಪ್ಪಯ್ಯ."

"ಬರ್ತದೆ. ಏಳನೇ ಮನೆ ದಾಟಿದೆ. ಕತ್ತಲಾಗೋದ್ರೊಳಗೆ ಬರ್ತದೆ. ನೀನು ಕೂ ಹಾಕು."

"ಅತ್ತೆ ಮುಟ್ಟಿದ ಮೇಲೆ ಅಂದಿದ್ರು."

"ಬೋರಿನ ಲಾರಿ ಬಂದು ನಮ್ಮನೆ ಹಿಂದೆ ನಿಂತಿದೆ ಮಗಾ. ನಿಂಗೆ ನೋಡೋದು ಬೇಡ್ವಾ?"

ಏಟು ಬೀಳುತ್ತದೆಂದು ಹೆದರಿ ಹಾಕಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಹುಟ್ಟಬಹುದು. ಅಪ್ಪಯ್ಯ ನನಗೆ ಎಂದೂ ಹೊಡೆದವರಲ್ಲ. ನನಗೆ ಲಾರಿ ನೋಡಬೇಕಿತ್ತು. ಎದ್ದು ನಿಂತೆ, ಅತ್ತೆಯ ಹಾಗೆಯೇ ಬಾಯಿ ಒರೆಸಿಕೊಂಡೆ, ಹಾಕಿದೆ. ಗುಡ್ಡ ನನಗೂ ಮಾರುತ್ತರ ಕೊಟ್ಟಿತು.

ಈಗ ಯೋಚಿಸಿದರೆ ನನಗೆ ಹೇಸಿಗೆಯಾಗುವುದು ಸುಳ್ಳಿಗಲ್ಲ, ಅಪ್ಪಯ್ಯ ಅಷ್ಟು ದೂರ ನಡೆದು ಬಂದದ್ದಕ್ಕೆ. ಒಡ್ಡಿನ ಮೇಲೆ ಕೂತ ಅಷ್ಟೂ ಗಂಡಸರಿಗೆ ಲಾರಿ ಬಂದದ್ದು ಗೊತ್ತಿತ್ತು, ನೀರು ಕೊನೆಗೆ ಮುಟ್ಟಿಲ್ಲವೆಂಬುದೂ ಗೊತ್ತಿತ್ತು. ಇನ್ನೊಂದು ದಿನ ಮಣ್ಣು ಹೊರುವುದಕ್ಕೆ ಯಾರೂ ತಯಾರಿರಲಿಲ್ಲ. ಆದರೆ ಕೂ ಕೇಳದೆ ಎದ್ದು ಹೋಗುವುದಕ್ಕೂ ಒಬ್ಬನಿಗೂ ಎದೆ ಇರಲಿಲ್ಲ. ಕ್ರಮ ಮುರಿದವರು ಎನಿಸಿಕೊಳ್ಳಬಾರದು, ಮುರಿದದ್ದೂ ಆಗಬೇಕು. ಅದಕ್ಕೊಂದು ಹತ್ತು ವರ್ಷದ ಗಂಟಲು ಬೇಕಿತ್ತು. ಕೂ ಕೇಳಿದ್ದೇ ಕೈತೊಳೆದು, ಅತ್ತೆ ಬೀಸಿಟ್ಟ ಅಕ್ಕಿಯ ಕಡುಬನ್ನು ಅತ್ತೆಯ ಹೆಸರು ಹೇಳಿಯೇ ತಿಂದರು. ತೇಗಿದರು. ಆಮೇಲೆ ಲಾರಿಯ ಕಡೆ ಓಡಿದರು, ಮದುವೆ ದಿಬ್ಬಣ ನೋಡುವ ಹಾಗೆ. ನೀರು ನೋಡುವವನೊಬ್ಬ ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ನಮ್ಮ ಮನೆಯ ಹಿಂದಿನ ದರೆಯುದ್ದಕ್ಕೂ ನಡೆದ. ಕಾಯಿ ಎದ್ದು ನಿಂತಿತಂತೆ. ಮಷಿನ್ನು ಬಿಳಿ ಹುಡಿ ಉಗುಳಿತು, ಮರುದಿನ ಸಂಜೆಯ ಹೊತ್ತಿಗೆ ನೀರು ಉಗುಳಿತು. ಊರಿನ ಗಂಡಸರೆಲ್ಲ ಆ ಕೆಸರುನೀರಿನಲ್ಲಿ ಮಕ್ಕಳ ಹಾಗೆ ನೆನೆದರು. ನಾನೂ ನೆನೆದೆ. ಇನ್ನು ಒಡ್ಡು ಯಾರಿಗೆ ಬೇಕು ಎಂದು ಯಾರೋ ಅಂದರು.

ನೀರು ಕೊನೆಗೂ ಕಲ್ಲು ಮುಟ್ಟಲಿಲ್ಲ. ಏಳನೇ ಮನೆಯ ಗದ್ದೆಯ ಅಂಚಿನಲ್ಲಿ ಇಂಗಿಹೋಯಿತು. ಮೂರನೇ ದಿನ ಅತ್ತೆ ಮೇಳಿಗೆಯಿಂದ ಬಂದು ಗಂಟನ್ನು ಜಗಲಿಯ ಮೇಲಿಟ್ಟು, ಕಾಲುವೆ ಹಿಡಿದು ಒಡ್ಡಿನವರೆಗೆ ನಡೆದರು. ವಾಪಸು ಬರುವಾಗ ನಮ್ಮ ಅಂಗಳಕ್ಕೆ ಹತ್ತಿದರು. ಒಡ್ಡಿನ ಬುಡದಲ್ಲಿ ಮೂರು ಕಡೆ ಸೋರುತ್ತಿದೆ, ಎತ್ತರವೂ ಸಾಲದು, ಎಲ್ಲರೂ ಸೇರಿ ಒಂದು ದಿನ ಕೈ ಹಾಕಿದರೆ ಆಗುತ್ತದೆ ಎಂದು ಸಮಾಧಾನದಲ್ಲೇ ಹೇಳಿದರು. ಅಪ್ಪಯ್ಯ ಹೊಸ ಪೈಪಿನ ಮೇಲೆ ಕೈಯಾಡಿಸುತ್ತ, ಕೂ ಬಿದ್ದ ಮೇಲೆ ಒಡ್ಡಿಗೆ ಕೈ ಹಾಕುವಂತಿಲ್ಲವಲ್ಲ ಅಕ್ಕ, ಕ್ರಮ ಅಂದರೆ ಕ್ರಮ, ಎಂದರು. ಜಗಲಿಯಲ್ಲಿ ಕೂತಿದ್ದ ಇಬ್ಬರು ಮೂವರು ತಲೆದೂಗಿದರು. ಅವರು ಕ್ರಮಕ್ಕೆ ಅಷ್ಟು ತಲೆದೂಗಿದ್ದು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು.

ಅತ್ತೆ ನನ್ನ ಕಡೆ ತಿರುಗಿದರು. "ಕಲ್ಲು ಮುಟ್ಟಿತ್ತಾ ಸುಮಿ?"

ಇಲ್ಲ ಎಂದಿದ್ದರೆ ಕೂ ಬಿದ್ದದ್ದಕ್ಕೆ ಬೆಲೆಯಿರುತ್ತಿರಲಿಲ್ಲ. ಒಡ್ಡು ಮತ್ತೆ ಏಳಲೇಬೇಕಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಅಪ್ಪಯ್ಯನ ಮುಖ ನೋಡಿದೆ. "ಮುಟ್ಟಿತ್ತು," ಅಂದೆ.

"ಹಂಗಾರೆ ಆಯ್ತು," ಎಂದರು ಅತ್ತೆ. ಅಂಗಳ ಇಳಿದು ಹೋದರು.

ಆ ಬೇಸಿಗೆಯನ್ನು ನಾನು ಬಾವಿಯ ಸದ್ದಿನಲ್ಲಿ ಲೆಕ್ಕ ಹಿಡಿಯಬಲ್ಲೆ. ಮೊದಲು ಕೊಡ ಬಿದ್ದರೆ ಗುಳಕ್ಕೆಂದು ಮುಳುಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅಡ್ಡ ಬಿದ್ದು ತೇಲಾಡಿ ನಿಧಾನಕ್ಕೆ ತುಂಬುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಕಲ್ಲಿಗೆ ಬಡಿದು ಠಣ್ಣೆನ್ನುತ್ತಿತ್ತು. ಉದ್ದಿನ ಗಿಡ ಹೂ ಬಿಡುವ ಮೊದಲೇ ಸುಟ್ಟುಹೋಯಿತು. ಹರಿವೆ ಹೋಯಿತು, ಮೆಣಸು ಹೋಯಿತು. ಕಪಿಲೆಯನ್ನು ನೀರಿರುವ ಊರಿಗೆಂದು ಹೊಸನಗರದ ಕಡೆಯವರಿಗೆ ಹೊಡೆದುಕೊಟ್ಟರು. ಅಪ್ಪಯ್ಯ ದೊಡ್ಡ ಮನಸ್ಸು ಮಾಡಿ ಬೋರಿನಿಂದ ಕಪ್ಪು ಪೈಪೊಂದನ್ನು ಕೆಳಮನೆಗೆ ಎಳೆಸಿದರು. ಆದರೆ ಕರೆಂಟು ಇದ್ದಾಗ ನಮ್ಮ ಹೊಸ ಬಾಳೆಗೆ ಮೊದಲು, ಬಾಳೆ ಮುಗಿಯುವಾಗ ಕರೆಂಟು ಇರುತ್ತಿರಲಿಲ್ಲ. ಅತ್ತೆ ಆ ಪೈಪನ್ನು ಒಂದು ದಿನವೂ ಕೇಳಲು ಬರಲಿಲ್ಲ. ಹಳ್ಳದ ಗುಂಡಿಯಲ್ಲಿ ಒರತೆ ತೋಡಿ ಚೊಂಬು ಚೊಂಬಾಗಿ ತುಂಬಿ ಹೊತ್ತರು. ಯುಗಾದಿ ಕಳೆದು ಒಂದು ದಿನ ಅದೂ ಕೆಸರಾಯಿತು. ಅವತ್ತು ಬೆಳಗ್ಗೆ ಅಪ್ಪಯ್ಯ ಗಾಡಿ ಕಟ್ಟಿಕೊಂಡು ಹೋದರು. ನಾನೂ ಹೋಗಿದ್ದೆ. ಒಂದು ಪೆಟ್ಟಿಗೆ, ಒಂದು ಬೀಸುವ ಕಲ್ಲು, ನಾಲ್ಕು ಪಾತ್ರೆ. ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಆರಿಸಲು ಮನೆಯಲ್ಲಿ ನೀರಿರಲಿಲ್ಲ. ಅತ್ತೆ ಬೂದಿ ಎಳೆದು ಮುಚ್ಚಿ, ಕೈ ಸೆರಗಿಗೆ ಒರೆಸಿಕೊಂಡು ಹೊರಗೆ ಬಂದರು.

ನಮ್ಮ ಮನೆಯಲ್ಲಿ ಅತ್ತೆ ಜಗಳ ಮಾಡಲಿಲ್ಲ, ಅಳಲಿಲ್ಲ, ಅಮ್ಮನ ಅಡಿಗೆಗೆ ಹೆಸರಿಡಲಿಲ್ಲ. ಒಂದೇ ಒಂದು ಕೆಲಸ ಮಾಡಿದರು. ನೀರು ಮುಟ್ಟುವ ಮೊದಲು ಕೇಳಿದರು. ಹಂಡೆ ತುಂಬಿ ತುಳುಕುತ್ತಿದ್ದರೂ ಪಕ್ಕದಲ್ಲಿ ಚೊಂಬು ಹಿಡಿದು ನಿಂತು, ತಿಮ್ಮಪ್ಪ, ಒಂದು ಚೊಂಬು ತಗೊಳ್ಲಾ, ಎನ್ನುವುದು. ಮುಖ ತೊಳೆಯಲು ಒಮ್ಮೆ, ಕುಡಿಯಲು ಒಮ್ಮೆ, ಕಾಲು ತೊಳೆಯಲು ಒಮ್ಮೆ. ಅಪ್ಪಯ್ಯ ಇಲ್ಲದಾಗ ಅಮ್ಮನನ್ನು, ಅಮ್ಮ ಇಲ್ಲದಾಗ ಇನ್ನೂ ಚಡ್ಡಿ ಹಾಕಲು ಬಾರದ ಪ್ರಕಾಶನನ್ನು. ಅವನು ಹೂಂ ಎನ್ನುವವರೆಗೆ ಚೊಂಬು ಅದ್ದುತ್ತಿರಲಿಲ್ಲ. ಒಂದು ವಾರ, ಒಂದು ತಿಂಗಳು ಮಾಡಿ ಬಿಡುತ್ತಾರೆಂದು ಎಲ್ಲರೂ ಅಂದುಕೊಂಡರು. ಸಾಯುವವರೆಗೆ ಮಾಡಿದರು. ನನ್ನನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕೂತಿದ್ದಾಗಲೂ ಅತ್ತೆ ಚೊಂಬು ಹಿಡಿದು ಒಳಬಾಗಿಲಲ್ಲಿ ನಿಂತು ಅದೇ ದನಿಯಲ್ಲಿ ಕೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಹೋದ ಮೇಲೆ ಅಪ್ಪಯ್ಯ ಮೊದಲ ಸಲ ಸೋತು ಕೂತರು.

"ಎಂತಕ್ಕೆ ಹಿಂಗೆ ಮಾಡ್ತಿ ಅಕ್ಕ? ಈ ಮನೆ ನೀರು ನಿಂದೂ ಅಲ್ವಾ?"

"ನಂದು ಬತ್ತಿತಲ್ಲ ತಮ್ಮ," ಎಂದರು ಅತ್ತೆ. "ಇದು ನಿಂದು."

ಆ ಸಂಬಂಧ ಕೂಡಿಬರಲಿಲ್ಲ. ಸಾಗರದ್ದು ಕೂಡಿಬಂತು. ನನಗೆ ಬೇಜಾರಿಲ್ಲ. ಅತ್ತೆಯ ಆ ತಿರಸ್ಕಾರದ ಅಚ್ಚುಕಟ್ಟು ನೆನೆದರೆ ನನಗೆ ಇವತ್ತಿಗೂ ಒಳಗೊಳಗೇ ಹೆಮ್ಮೆ. ಆದರೆ ಒಂದು ಮಾತು ಬರೆಯಲೇಬೇಕು. ಅಷ್ಟೂ ವರ್ಷ ಅವರು ಎಲ್ಲರನ್ನೂ ಕೇಳಿದರು, ನನ್ನೊಬ್ಬಳನ್ನು ಬಿಟ್ಟು. ಹಂಡೆಯ ಹತ್ತಿರ ನಾನೊಬ್ಬಳೇ ಇದ್ದರೆ ಇನ್ನೊಬ್ಬರು ಬರುವವರೆಗೆ ಚೊಂಬು ಹಿಡಿದು ಕಾಯುತ್ತಿದ್ದರು. ತಗೊಳ್ಳಿ ಅತ್ತೆ ಎಂದು ನಾನೇ ಅಂದರೆ ಕೇಳಿಸದವರ ಹಾಗೆ ಅಂಗಳದ ಕಡೆ ನೋಡುತ್ತಿದ್ದರು. ಮಗುವೆಂದು ಮನ್ನಿಸಿ ಬಿಟ್ಟದ್ದೋ, ಕೇಳುವಷ್ಟೂ ಯೋಗ್ಯಳಲ್ಲವೆಂದು ಬಿಟ್ಟದ್ದೋ, ಈ ವಯಸ್ಸಿಗೂ ನನಗೆ ತೀರ್ಮಾನವಾಗಿಲ್ಲ.

ಊರಿನ ಕಥೆ ಆಮೇಲೆ ಹೇಳುವಂಥದ್ದೇನಿಲ್ಲ. ಒಡ್ಡು ಮರುವರ್ಷ ಏಳಲಿಲ್ಲ. ಎರಡು ವರ್ಷ ನಾಮಕಾವಸ್ತೆಗೆ ಒಂದೊಂದು ಬುಟ್ಟಿ ಮಣ್ಣು ಹಾಕಿ ಕಡುಬು ತಿಂದರು, ಆಮೇಲೆ ಕಡುಬೂ ನಿಂತಿತು. ಒಂಬತ್ತು ಮನೆಗೆ ಒಂಬತ್ತು ಬೋರಾಯಿತು. ಒಬ್ಬರದ್ದು ಆಳಕ್ಕೆ ಇಳಿದಷ್ಟು ಇನ್ನೊಬ್ಬರದ್ದು ಬತ್ತಿತು, ಬತ್ತಿದವರು ಇನ್ನೂ ಇಳಿಸಿದರು. ನಮ್ಮ ಮನೆಯ ಹಿಂದಿನ ಆ ಮೊದಲನೆಯದು ಈಗ ಬರೀ ಗಾಳಿ ಬಿಡುತ್ತದೆ, ಅದರ ಬಾಯಿಗೆ ಕಲ್ಲು ಮುಚ್ಚಿದ್ದಾರೆ. ಅಪ್ಪಯ್ಯನೂ ಇಲ್ಲ, ಅಮ್ಮನೂ ಇಲ್ಲ. ಕೆಳಮನೆಯ ಹಂಚು ಇಳಿಸಿ ಮಾರಿದರು. ಮಾರ್ಚಿ ಬಂದರೆ ಅಲ್ಲಿಗೂ ಟ್ಯಾಂಕರ್ ಹೋಗುತ್ತದೆ.

ಪ್ರಕಾಶ ಇವತ್ತು ಬಂದದ್ದು ಒಂದು ಆಮಂತ್ರಣ ಪತ್ರಿಕೆ ಹಿಡಿದುಕೊಂಡು. ನಮ್ಮ ಹಳ್ಳಕ್ಕೆ ಕಾಂಕ್ರೀಟಿನ ಒಡ್ಡಾಗಿದೆಯಂತೆ, ಕಬ್ಬಿಣದ ಹಲಗೆ ಇಳಿಸುವಂಥದ್ದು, ಮುಂದಿನ ವಾರ ಉದ್ಘಾಟನೆ. ಪತ್ರಿಕೆಯಲ್ಲಿ ಹನ್ನೊಂದು ಫೋಟೋ ಇತ್ತು. ಎಲ್ಲರೂ ಕೈ ಮುಗಿದಿದ್ದರು, ಒಬ್ಬರ ಕೈಯಲ್ಲೂ ಕೆಸರು ಮೆತ್ತಿದ ಗುರುತಿರಲಿಲ್ಲ. ಹಳ್ಳದಲ್ಲಿ ಈಗ ನೀರಿದೆಯಾ ಎಂದು ಕೇಳಿದೆ. ಈಗಿಲ್ಲ, ಮಳೆ ಬಂದರೆ ಬರುತ್ತದೆ ಎಂದ. ಮಳೆ ಬಂದಾಗ ನೀರು ಬರುವುದು ನನಗೂ ಗೊತ್ತು ಎಂದೆ. ಅವನಿಗೆ ಅದು ತಾಗಲಿಲ್ಲ.

"ನೀನು ಹತ್ತು ನಿಮಿಷ ಮಾತಾಡ್ಬೇಕು ಅಕ್ಕ. ಹಿಂದಿನವರ ನೀರಿನ ಕ್ರಮ ಅಂತ. ಶೇಷತ್ತೆ ಕೂ ಹಾಕ್ತಿದ್ದದ್ದು ಹೇಳು. ಮೈಕಲ್ಲಿ ಒಂದ್ಸಲ ಹಾಕಿ ತೋರ್ಸಿದ್ರೆ ಜನಕ್ಕೂ ಖುಷಿ."

ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಒಲೆ ಸಣ್ಣ ಮಾಡಿ, ಅವನ ಎದುರಿಗೆ ಕೂತು, ಆ ದಿನ ನಡೆದದ್ದನ್ನು ಹೇಳಿದೆ. ಕಲ್ಲು ಮುಟ್ಟದ ನೀರು, ಲಾರಿ, ನಾನು ಹಾಕಿದ ಕೂ, ನಾನು ಹೇಳಿದ ಸುಳ್ಳು. ಯಜಮಾನರಿಗೂ ಹೇಳಿರದ ಮಾತು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಲು ಹೊರಟು ಬಾಯಿ ಬಂದಿರಲಿಲ್ಲ. ಪ್ರಕಾಶ ಫೋನಿನ ಮೇಲೆ ಬೆರಳಾಡಿಸುತ್ತ ಪೂರ್ತಿ ಕೇಳಿದ.

"ಅದೆಲ್ಲ ಎಂತಕ್ಕೆ ಈಗ," ಎಂದ. "ಒಡ್ಡಿನ ಕಲ್ಲಿಗೆ ಅಪ್ಪಯ್ಯನ ಹೆಸರು ಕೆತ್ತಿಸಿ ಆಗಿದೆ."

"ನಾನು ಬಂದ್ರೆ ಇದನ್ನೇ ಹೇಳೋದು, ಪ್ರಕಾಶ. ಬೇರೆ ಏನೂ ನಂಗೆ ಬರಲ್ಲ."

ಅವನು ಸ್ವಲ್ಪ ಹೊತ್ತು ಪತ್ರಿಕೆ ಮಡಚಿದ, ಬಿಡಿಸಿದ. "ಹಂಗಾರೆ ನೀನು ಬರೋದು ಬೇಡ ಬಿಡಕ್ಕ. ಬಿಸಿಲೂ ಜಾಸ್ತಿ."

ಬರುತ್ತೇನೆ ಎಂದೆ. ಅಷ್ಟರಲ್ಲಿ ಯಜಮಾನರು ಗಿರಣಿ ಮುಚ್ಚಿ ಮಧ್ಯಾಹ್ನದ ಊಟಕ್ಕೆ ಬಂದರು, ಎಲೆ ಹಾಕಿದೆ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಾಳೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ, ಎರಡು ಹಲಸಿನ ಹಪ್ಪಳ, ಮಜ್ಜಿಗೆ. ಪ್ರಕಾಶ ಮೂರು ಸಲ ಅನ್ನ ಹಾಕಿಸಿಕೊಂಡ, ಸಾರು ಚೆನ್ನಾಗಿದೆ ಎಂದ. ನಾನು ಮಜ್ಜಿಗೆ ಅನ್ನ ಉಂಡೆ. ಮೊದಲು ನಿದ್ದೆಹೋದವನು ಅವನೇ, ಚಾಪೆಗೆ ಬೆನ್ನು ತಾಗಿದ್ದೇ ತಡ. ಆಮೇಲೆ ಯಜಮಾನರು. ನನಗೆ ಹತ್ತಲಿಲ್ಲ.